ಮಾರುಕಟ್ಟೆಗೆ ಹೀರೋ ಯಾಕೆ ಬೇಕು?

ಈ ಸಲ ಚೌತಿಗೆ ಊರಿಗೆ ಹೋದಾಗ ಅಕ್ಕನ ಮಗ ಅಟ್ಟದ ಮೇಲಿನ ನನ್ನ ಹಳೇ ಟ್ರಂಕು ತೆಗೆದು ಕೂತಿದ್ದ. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ಟ್ರಂಕಿನ ತಳದಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಎತ್ತಿ, ಪಂಚೆಗೆ ಒರೆಸಿ, "ಮಾವಾ, ಇದನ್ನ ನಾ ಒಯ್ಯಲಾ?" ಅಂದ. ನೋಡಿದರೆ ಐನ್ ರ‍್ಯಾಂಡ್ ಅನ್ನುವ ಅಮೆರಿಕದ ಲೇಖಕಿ ಬರೆದ 'ಅಟ್ಲಾಸ್ ಶ್ರಗ್ಡ್' ಕಾದಂಬರಿ. ಬೆನ್ನಿಗೆ ನಾನೇ ಹಚ್ಚಿದ್ದ ಸೆಲೋಟೇಪು ಹಳದಿಯಾಗಿ, ಒಣಗಿದ ಬಾಳೆಪಟ್ಟೆಯ ಹಾಗೆ ಎದ್ದು ನಿಂತಿತ್ತು.

"ಇದು ಯಾಕೆ ನಿಂಗೆ?" ಅಂದೆ.

"ನಮ್ಮ ಕ್ಲಾಸಲ್ಲಿ ಸ್ಟಾರ್ಟಪ್ ಮಾಡ್ತೀನಿ ಅನ್ನೋರೆಲ್ಲ ಓದ್ತಿದಾರೆ."

ನಗು ಬಂತು. 2001ರಲ್ಲಿ ನಮ್ಮ ಹಾಸ್ಟೆಲ್ಲಲ್ಲೂ ಹೀಗೇ ಇತ್ತು. ಸೀನಿಯರ್ ಒಬ್ಬರ ರೂಮಿನಿಂದ ಪುಸ್ತಕ ಹೊರಟರೆ ಇಡೀ ಫ್ಲೋರ್ ಸುತ್ತಿ ಬರುತ್ತಿತ್ತು. ಸರದಿ ಕಾಯುವ ತಾಳ್ಮೆ ಇಲ್ಲದೆ ನಾನು ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ 100 ರೂಪಾಯಿ ಕೊಟ್ಟು ನನ್ನದೇ ಪ್ರತಿ ತಂದೆ. ಪೈರೇಟೆಡ್ ಪ್ರತಿ ಅಂತ ಬೇರೆ ಹೇಳಬೇಕಾಗಿಲ್ಲ. ಕಾಗದ ನ್ಯೂಸ್‌ಪ್ರಿಂಟಿಗಿಂತ ಕಡೆ. ಅಲ್ಲಲ್ಲಿ ಸಾಲುಗಳು ಸೊಟ್ಟಗೆ ಜಾರಿದ್ದವು. ಬೌದ್ಧಿಕ ಆಸ್ತಿಯೇ ಎಲ್ಲ ಆಸ್ತಿ ಹಕ್ಕಿನ ಬುಡ ಅಂತ ವಾದ ಮಾಡಿದ ಹೆಂಗಸಿನ ಪುಸ್ತಕವನ್ನು ನಾವೆಲ್ಲ ಕಳ್ಳ ಮುದ್ರಣದಲ್ಲಿ ಓದಿ ಅವಳ ಭಕ್ತರಾದೆವು. ಆಗ ಅದು ಯಾರಿಗೂ ಹೊಳೆಯಲೇ ಇಲ್ಲ.

ಓದಿದ ಮೇಲೆ ಏನಾಯಿತು ಅಂದರೆ, ನಾನು ಕೆಲವು ತಿಂಗಳು ಸಹಿಸಲಾಗದ ಪ್ರಾಣಿಯಾದೆ. ಮೆಸ್ಸಿನಲ್ಲಿ ಯಾರಾದರೂ ನೋಟ್ಸ್ ಕೇಳಿದರೆ "ನನ್ನ ಶ್ರಮ ನಿನಗೆ ಯಾಕೆ ಕೊಡಬೇಕು?" ಅನ್ನುತ್ತಿದ್ದೆ. ಲ್ಯಾಬಿನಲ್ಲಿ ಗುಂಪು ಪ್ರಾಜೆಕ್ಟ್ ಅಂದರೆ ಮುಖ ಸಿಂಡರಿಸುತ್ತಿದ್ದೆ. ಜಗತ್ತು ನಡೆಯುತ್ತಿರುವುದು ಬೆರಳೆಣಿಕೆಯ ಜನರಿಂದ, ಉಳಿದವರೆಲ್ಲ ಅವರ ಬೆನ್ನ ಮೇಲೆ ಕೂತವರು. ನಾನು ಯಾವ ಗುಂಪು ಅಂತ ಒಂದು ಕ್ಷಣಕ್ಕೂ ಅನುಮಾನ ಬರಲಿಲ್ಲ. ಸಿಇಟಿ ಬರೆದು, ಸರ್ಕಾರಿ ಸೀಟಿನಲ್ಲಿ, ಸರ್ಕಾರ ನಿಗದಿ ಮಾಡಿದ ಫೀಸು ಕಟ್ಟಿ ಓದುತ್ತಿದ್ದವನು ನಾನು. ಮಾರುಕಟ್ಟೆ ದರದ ಸೀಟು ಪಕ್ಕದ ರೂಮಿನವನದ್ದು. ಅವನನ್ನು ನಾವು "ಪೇಮೆಂಟು" ಅಂತ ಕರೆಯುತ್ತಿದ್ದೆವು.

ಮುಕ್ತ ಮಾರುಕಟ್ಟೆ ಒಳ್ಳೆಯದು ಅನ್ನುವ ಜನರಿಗೂ ಈ "ನಾನು, ನನ್ನಿಂದ, ನನಗಾಗಿ" ಅನ್ನುವ ಫಿಲಾಸಫಿಗೂ ಇಷ್ಟು ನಂಟು ಯಾಕೆ? ಆಮೇಲೆ ಎಷ್ಟೋ ವರ್ಷ ಈ ಪ್ರಶ್ನೆ ನನ್ನ ಜೊತೆಗೇ ಓಡಾಡಿತು. ಮಾರುಕಟ್ಟೆಯ ಬಗ್ಗೆ ನನಗೆ ಈಗಲೂ ಒಳ್ಳೆಯ ಅಭಿಪ್ರಾಯವೇ ಇದೆ. ಫೋನು ಕನೆಕ್ಷನ್ನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಆ ಒಳ್ಳೆಯ ಅಭಿಪ್ರಾಯಕ್ಕೆ ರ‍್ಯಾಂಡ್ ಬೇಕಾಗಿಯೇ ಇಲ್ಲ ಅಂತ ಗೊತ್ತಾಗಲು ಬಹಳ ದಿನ ಹಿಡಿಯಿತು.

ಆಕೆಯ ಕಥೆ ಶುರುವಾಗುವುದು ಒಂದು ಔಷಧಿ ಅಂಗಡಿಯಿಂದ. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಹುಡುಗಿ, ಹೆಸರು ಅಲಿಸಾ ರೋಸೆನ್‌ಬಾಮ್. ಅಪ್ಪ ಔಷಧ ವ್ಯಾಪಾರಿ. ಬೊಲ್ಶೆವಿಕ್ ಕ್ರಾಂತಿ ಆದ ಮೇಲೆ ಬಂದೂಕು ಹಿಡಿದವರು ಬಂದು ಜನರ ಹೆಸರಿನಲ್ಲಿ ಅಂಗಡಿಗೆ ಸೀಲು ಹಾಕಿದರು. ಹುಡುಗಿಗೆ ಆಗಿನ್ನೂ ಹನ್ನೆರಡೋ ಹದಿಮೂರೋ ವಯಸ್ಸು. ಸ್ವಂತ ದುಡಿಮೆಯ ಅಂಗಡಿ ಮುಂದೆ ಅಪ್ಪ ಏನೂ ಮಾಡಲಾಗದೆ ನಿಂತಿದ್ದು ಆಕೆ ಮರೆಯಲಿಲ್ಲ. 1926ರಲ್ಲಿ ನೆಂಟರ ಮನೆಗೆ ಅಂತ ವೀಸಾ ಪಡೆದು ಅಮೆರಿಕಕ್ಕೆ ಬಂದವಳು ಹಿಂದಿರುಗಲಿಲ್ಲ. ಹೆಸರು ಬದಲಾಯಿಸಿಕೊಂಡಳು, ಹಾಲಿವುಡ್‌ನಲ್ಲಿ ಎಕ್ಸ್‌ಟ್ರಾ ಆಗಿ ನಿಂತಳು, ಚಿತ್ರಕಥೆ ಬರೆದಳು. 1943ರಲ್ಲಿ 'ದ ಫೌಂಟನ್‌ಹೆಡ್' ಬಂತು. ಅದಕ್ಕೂ ಮೊದಲು 12 ಪ್ರಕಾಶಕರು ಅದನ್ನು ಬೇಡ ಅಂದಿದ್ದರು. 1957ರಲ್ಲಿ 'ಅಟ್ಲಾಸ್ ಶ್ರಗ್ಡ್'. "ಎಲ್ಲರ ಒಳಿತಿಗಾಗಿ" ಅನ್ನುವ ಮಾತು ಕೇಳಿದರೆ ಆಕೆಗೆ ಯಾಕೆ ಮೈ ಉರಿಯುತ್ತಿತ್ತು ಅಂತ ನನಗೆ ಅರ್ಥವಾಗುತ್ತದೆ. ಆ ಮಾತು ಹೇಳಿಕೊಂಡೇ ಅವರ ಮನೆ ಬಾಗಿಲಿಗೆ ಬಂದೂಕು ಬಂದಿತ್ತಲ್ಲ.

ನಮ್ಮಲ್ಲಿ ಆಕೆಯನ್ನು ಮೊದಲು ಹಚ್ಚಿಕೊಂಡವರು ನನ್ನ ಹಿಂದಿನ ತಲೆಮಾರಿನವರು. ಅವರಿಗೆ ಕಾರಣವಿತ್ತು. 'ಅಟ್ಲಾಸ್'ನಲ್ಲಿ 10-289 ಅಂತ ಒಂದು ಸರ್ಕಾರಿ ಆಜ್ಞೆ ಬರುತ್ತದೆ. ಯಾರೂ ಕೆಲಸ ಬಿಡುವಂತಿಲ್ಲ, ಯಾವ ಕಾರ್ಖಾನೆಯೂ ಮುಚ್ಚುವಂತಿಲ್ಲ, ಇಷ್ಟೇ ಉತ್ಪಾದನೆ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. ಅಮೆರಿಕದ ಓದುಗನಿಗೆ ಇದು ಉತ್ಪ್ರೇಕ್ಷೆ. ಇಲ್ಲಿಯವನಿಗೆ ಹೆಚ್ಚುಕಡಿಮೆ ಪೇಪರಿನಲ್ಲಿ ಬಂದ ಸುದ್ದಿ. ಲೈಸೆನ್ಸಿನಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಉತ್ಪಾದಿಸಿದ್ದಕ್ಕೆ ಕಂಪನಿ ಕಟಕಟೆಗೆ ಹೋಗಬೇಕಾಗುತ್ತಿದ್ದ ದೇಶ ಇದು. 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ಹಂತದ ದರ, ಸರ್ಚಾರ್ಜ್ ಸೇರಿ, ಶೇ. 97.75. ನೂರು ರೂಪಾಯಿಯಲ್ಲಿ ಕೈಗೆ ಎರಡೂಕಾಲು. ಇಂಥ ಕಡೆ ಒಬ್ಬಳು ಬಂದು "ನೀನು ತಪ್ಪಿತಸ್ಥ ಅಲ್ಲ, ದುಡಿದದ್ದಕ್ಕೆ ನಾಚಿಕೊಳ್ಳಬೇಡ" ಅಂದರೆ ಹೇಗಾಗಿರಬೇಡ? 1991ರಲ್ಲಿ ಮಾರುಕಟ್ಟೆಯ ಬಾಗಿಲು ತೆರೆದ ನಂತರ ಬೆಳೆದ ನಮಗೆ ಆ ಕಷ್ಟದ ನೆನಪು ಅರ್ಧಂಬರ್ಧ. ಕಷ್ಟ ಹೋಯಿತು, ಸಿಟ್ಟು ಮಾತ್ರ ಉಳಿಯಿತು. ನಾವು ಅದನ್ನು ಮೆಸ್ಸಿನಲ್ಲಿ ನೋಟ್ಸ್ ಕೇಳಿದವರ ಮೇಲೆ ತೀರಿಸಿಕೊಂಡೆವು.

ಈಗ ನನಗೆ ವಿಚಿತ್ರ ಅನ್ನಿಸುವ ಸಂಗತಿಗೆ ಬರುತ್ತೇನೆ. 'ಫೌಂಟನ್‌ಹೆಡ್'ನ ನಾಯಕ ಹೊವರ್ಡ್ ರೋರ್ಕ್ ಒಬ್ಬ ಆರ್ಕಿಟೆಕ್ಟ್. ಪ್ರತಿಭಾವಂತ. ತನಗೆ ಸರಿ ಕಂಡ ಹಾಗೇ ಕಟ್ಟುತ್ತಾನೆ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಒಂದು ದೊಡ್ಡ ಬ್ಯಾಂಕಿನ ಕಟ್ಟಡದ ಕೆಲಸ ಬರುತ್ತದೆ. ಅವರು ಕೇಳುವುದು ಇಷ್ಟೇ, ಮುಂಭಾಗಕ್ಕೆ ಒಂಚೂರು ಹಳೇ ಗ್ರೀಕ್ ಶೈಲಿಯ ಅಲಂಕಾರ. ಇವನು ಬೇಡ ಅನ್ನುತ್ತಾನೆ. ಆಫೀಸು ಮುಚ್ಚಿ ಗ್ರಾನೈಟ್ ಕ್ವಾರಿಗೆ ಕೂಲಿಗೆ ಹೋಗುತ್ತಾನೆ. ಅವನ ಎದುರಿಗೆ ಪೀಟರ್ ಕೀಟಿಂಗ್. ಸ್ವಂತ ರುಚಿ ಅನ್ನುವುದೇ ಇಲ್ಲ, ಗಿರಾಕಿ ಏನು ಕೇಳಿದರೆ ಅದು. ಕಂಬ ಬೇಕೇ? ಕಂಬ. ಗೋಪುರ ಬೇಕೇ? ಗೋಪುರ. ಅವನು ಮೇಲೆ ಮೇಲೆ ಹೋಗುತ್ತಾನೆ.

ಹಾಸ್ಟೆಲ್ಲಿನಲ್ಲಿ ರೋರ್ಕ್‌ಗಾಗಿ ಎದೆ ಉಬ್ಬಿಸಿ ಓದಿದ ನಾನು, ಎಷ್ಟೋ ವರ್ಷದ ಮೇಲೆ ಜಯನಗರದ ಒಂದು ಕಿರಾಣಿ ಅಂಗಡಿಯಲ್ಲಿ "ಗ್ರಾಹಕನೇ ದೇವರು" ಅನ್ನುವ ಬೋರ್ಡು ನೋಡುತ್ತಾ ನಿಂತಾಗ ತಟ್ಟನೆ ಹೊಳೆಯಿತು. ಅಲ್ಲ, ಮಾರುಕಟ್ಟೆಯ ಮನುಷ್ಯ ಅಂದರೆ ಕೀಟಿಂಗ್ ಅಲ್ವಾ! ಕೇಳಿದ್ದನ್ನು ಕೊಡುವವನು ಗೆಲ್ಲುತ್ತಾನೆ ಅನ್ನುವುದು ತಾನೇ ಮಾರುಕಟ್ಟೆಯ ಮೊದಲ ಪಾಠ? ಮುಕ್ತ ಮಾರುಕಟ್ಟೆಯ ಕಟ್ಟಾ ವಾದಿ ಲುಡ್ವಿಗ್ ಫಾನ್ ಮೀಸೆಸ್ ಜೀವನವಿಡೀ ಬರೆದಿದ್ದೂ ಇದನ್ನೇ. ಉದ್ಯಮಿ ಹಡಗು ನಡೆಸುವವನ ಹಾಗೆ ಕಾಣುತ್ತಾನೆ, ಆದರೆ ಯಜಮಾನ ಅವನಲ್ಲ, ಕೊಳ್ಳುವವನು. ಆ ಲೆಕ್ಕದಲ್ಲಿ ರೋರ್ಕ್ ಮಾರುಕಟ್ಟೆಗೆ ಬೆನ್ನು ಹಾಕಿದ ಸಂನ್ಯಾಸಿ. ಜನಕ್ಕೆ ಬೇಕಾದ ಗಾಸಿಪ್ ಅಚ್ಚು ಹಾಕಿ ಶ್ರೀಮಂತನಾದ ಪತ್ರಿಕೆ ಮಾಲೀಕನೂ ಕಾದಂಬರಿಯಲ್ಲಿದ್ದಾನೆ, ಅವನಿಗೆ ಲೇಖಕಿ ಕೊಡುವುದು ದುರಂತವನ್ನೇ. ಇಷ್ಟು ಸಾಲದು ಅಂತ ರೋರ್ಕ್ ಕೊನೆಗೆ ತಾನು ಬರೆದುಕೊಟ್ಟ ನಕ್ಷೆ ಬದಲಾಯಿಸಿದರು ಅಂತ ಒಂದು ಕಟ್ಟಡಕ್ಕೆ ಡೈನಮೈಟ್ ಇಡುತ್ತಾನೆ. ಕಟ್ಟಡ ಅವನದಲ್ಲ. ಜಾಗ ಅವನದಲ್ಲ. ಆಸ್ತಿ ಹಕ್ಕು ಪವಿತ್ರ ಅನ್ನುವ ನಾವೆಲ್ಲ ಆ ಪುಟದಲ್ಲಿ ಚಪ್ಪಾಳೆ ಹೊಡೆದೆವು.

ಇನ್ನೊಂದು ಜೋಡಿ ನೋಡಿ. 'ಅಟ್ಲಾಸ್ ಶ್ರಗ್ಡ್' ಬಂದದ್ದು 1957ರಲ್ಲಿ ಅಂದೆನಲ್ಲ. ಅದರ ಕಥೆ ಇಷ್ಟು: ದೇಶದ ಬುದ್ಧಿವಂತರು, ಉದ್ಯಮಿಗಳು ಒಬ್ಬೊಬ್ಬರಾಗಿ ಮುಷ್ಕರ ಹೂಡಿ ಕೊಲರಾಡೋದ ಒಂದು ಕಣಿವೆಗೆ ಹೋಗಿ ಕೂರುತ್ತಾರೆ. ಜಗತ್ತು ನಿಂತುಹೋಗುತ್ತದೆ. ಅವರ ಮುಂದಾಳು ಜಾನ್ ಗಾಲ್ಟ್ ಗಾಳಿಯಲ್ಲಿರುವ ವಿದ್ಯುತ್ತಿನಿಂದ ಓಡುವ ಎಂಜಿನ್ನನ್ನು ಒಬ್ಬನೇ ಕಂಡುಹಿಡಿದವನು. ಸರಿಯಾಗಿ ಮರುವರ್ಷ, 1958ರಲ್ಲಿ, ಅದೇ ಅಮೆರಿಕದಲ್ಲಿ ಲೆನರ್ಡ್ ರೀಡ್ ಅನ್ನುವವನು ಒಂದು ಪುಟ್ಟ ಪ್ರಬಂಧ ಬರೆದ. ಮಾರುಕಟ್ಟೆ ಪರ ವಾದಿಗಳು ಇವತ್ತಿಗೂ ಮಕ್ಕಳಿಗೆ ಓದಿಸುವ ಪ್ರಬಂಧ ಅದು. ಅದರಲ್ಲಿ ಮಾತಾಡುವುದು ಒಂದು ಸಾಮಾನ್ಯ ಪೆನ್ಸಿಲ್ಲು. ನನ್ನನ್ನು ಹೇಗೆ ಮಾಡುವುದು ಅಂತ ಪೂರ್ತಿ ಬಲ್ಲ ಒಬ್ಬೇ ಒಬ್ಬ ಮನುಷ್ಯ ಭೂಮಿ ಮೇಲೆ ಇಲ್ಲ, ಅನ್ನುತ್ತದೆ ಆ ಪೆನ್ಸಿಲ್ಲು. ಮರ ಕಡಿದವನು, ಅವನಿಗೆ ಕಾಫಿ ಕಾಸಿಕೊಟ್ಟವನು, ಸಿಲೋನಿನಲ್ಲಿ ಗ್ರಾಫೈಟ್ ಅಗೆದವನು, ಹಡಗಿಗೆ ದೀಪ ತೋರಿಸಿದವನು, ಎಲ್ಲರ ಕೈಯೂ ನನ್ನಲ್ಲಿದೆ, ಅವರಲ್ಲಿ ಯಾರಿಗೂ ಉಳಿದವರ ಪರಿಚಯವೇ ಇಲ್ಲ.

ಒಂದು ವರ್ಷದ ಅಂತರ. ಒಂದು ಪುಸ್ತಕ ಹೇಳುತ್ತದೆ, ನಾಲ್ಕು ಮಂದಿ ಕೈ ಕಟ್ಟಿ ಕೂತರೆ ಲೋಕ ಮುಳುಗುತ್ತದೆ. ಇನ್ನೊಂದು ಹೇಳುತ್ತದೆ, ಯಾವ ಮಹಾನುಭಾವನೂ ಒಬ್ಬನೇ ಒಂದು ಪೆನ್ಸಿಲ್ ಕೂಡ ಮಾಡಲಾರ. ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಟ್ಟುಕೊಂಡು, ಎರಡಕ್ಕೂ ತಲೆದೂಗುವ ಗೆಳೆಯರು ನನಗಿದ್ದಾರೆ. ನಾನೂ ತಲೆದೂಗಿದವನೇ. ಮೆಚ್ಚಿದ್ದು ಎರಡನ್ನೂ, ಆದರೆ ಮೈಮೇಲೆ ಬಂದದ್ದು ಮೊದಲನೆಯದು ಮಾತ್ರ. ಪೆನ್ಸಿಲ್ ಓದಿ ಯಾವ ಹುಡುಗನೂ ಕನ್ನಡಿ ಮುಂದೆ ನಿಂತು ತನ್ನನ್ನು ನೋಡಿಕೊಳ್ಳುವುದಿಲ್ಲ.

ಇದೇ ಲೆನರ್ಡ್ ರೀಡ್ 1946ರಲ್ಲಿ ಒಂದು ಕಿರುಹೊತ್ತಿಗೆ ಪ್ರಕಟಿಸಿದ್ದ. ಬರೆದವರು ಮಿಲ್ಟನ್ ಫ್ರೀಡ್‌ಮನ್ ಮತ್ತು ಜಾರ್ಜ್ ಸ್ಟಿಗ್ಲರ್. ಆಗಿನ್ನೂ ಮೂವತ್ತರ ಹರೆಯದ ಮೇಷ್ಟ್ರುಗಳು, ಮುಂದೆ ಇಬ್ಬರೂ ನೊಬೆಲ್ ಪಡೆದರು. ವಿಷಯ ಮನೆ ಬಾಡಿಗೆ ನಿಯಂತ್ರಣ. 1906ರ ಭೂಕಂಪದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಅರ್ಧಕ್ಕೂ ಹೆಚ್ಚು ಮಂದಿ ಮನೆ ಕಳೆದುಕೊಂಡರು, ಆದರೂ ಬಾಡಿಗೆಗೆ ಮಿತಿ ಇಲ್ಲದ್ದರಿಂದ ಕೆಲವೇ ವಾರಗಳಲ್ಲಿ ಬಾಡಿಗೆ ಮನೆ ಸಿಗುತ್ತಿದ್ದವು. 1946ರಲ್ಲಿ ಭೂಕಂಪವೇ ಆಗಿಲ್ಲ, ಆದರೂ ಅದೇ ಊರಿನಲ್ಲಿ ಮನೆ ಸಿಗುತ್ತಿಲ್ಲ, ಯಾಕೆ? ಸೊಗಸಾದ ವಾದ. ರ‍್ಯಾಂಡ್‌ಗೆ ಇದು ಖುಷಿ ಕೊಡಬೇಕಿತ್ತು. ಆಕೆ ಕೆಂಡವಾದಳು. ಇದು ವ್ಯಕ್ತಿಗಿಂತ ಸಮೂಹ ದೊಡ್ಡದು ಅನ್ನುವ ಸಮೂಹವಾದಿಗಳ ಪ್ರಚಾರ ಅಂತ ಪತ್ರ ಬರೆದಳು.

ಯಾಕೆ ಗೊತ್ತಾ? ಲೇಖಕರು ಬಂದು ನಿಂತ ಜಾಗದ ಬಗ್ಗೆ ಆಕೆಗೆ ತಕರಾರಿಲ್ಲ, ಬಂದ ದಾರಿಯ ಬಗ್ಗೆ. ಇರುವ ಮನೆಗಳನ್ನು ಜನರಿಗೆ ಹಂಚುವ ಒಳ್ಳೆಯ ಉಪಾಯ ಯಾವುದು ಅಂತ ಅವರು ಲೆಕ್ಕ ಹಾಕಿದ್ದರು. ಬಡವರಿಗೂ ಇದರಿಂದಲೇ ಅನುಕೂಲ ಅಂದಿದ್ದರು. ಆಕೆಗೆ ಬೇಕಿದ್ದದ್ದು ಬೇರೆ. ಮನೆ ಮಾಲೀಕನದು, ಅವನಿಷ್ಟ, ಅಲ್ಲಿಗೆ ಮುಗಿಯಿತು. ಹಂಚುವ ಮಾತೇ ಪಾಪ. ಮಾರುಕಟ್ಟೆ ಕೆಲಸ ಮಾಡುತ್ತದೆ ಅಂದರೆ ಸಾಲದು, ಅದೊಂದೇ ನ್ಯಾಯ ಅನ್ನಬೇಕು.

ಆಕೆಯ ಜನಪ್ರಿಯತೆಯ ಗುಟ್ಟು ಈ ಜಗಳದಲ್ಲಿದೆ ಅಂತ ನನಗನ್ನಿಸುತ್ತದೆ. ಅರ್ಥಶಾಸ್ತ್ರಜ್ಞ ಕೊಡುವುದು ಒಂದು ಲೆಕ್ಕ. ಲೆಕ್ಕ ನಾಳೆ ಬದಲಾಗಬಹುದು. ಇಂಥ ಕಡೆ ಸರಿ, ಇಂಥ ಕಡೆ ಸರಿಯಿಲ್ಲ ಅಂತ ಅವನೇ ಹೇಳುತ್ತಾನೆ. ಫ್ರೀಡ್‌ಮನ್ ಮುಂದೆ ಬಡವರಿಗೆ ಸರ್ಕಾರವೇ ನೇರ ಹಣ ಕೊಡುವ ಒಂದು ಯೋಜನೆಯನ್ನೂ ಬರೆದ. ಇಂಥವನ ಹಿಂದೆ ಹೋದರೆ ಎದೆ ಹೇಗೆ ಉಬ್ಬೀತು? ರ‍್ಯಾಂಡ್ ಕೊಡುವುದು ಲೆಕ್ಕವನ್ನಲ್ಲ, ಸರ್ಟಿಫಿಕೇಟು. ನಿನ್ನ ಸಂಬಳ ನಿನ್ನ ಯೋಗ್ಯತೆ. ನಿನಗೆ ಸಿಕ್ಕಿದ್ದು ನಿನ್ನದೇ ಗಳಿಕೆ. ಬೇರೆಯವರಿಗೆ ಸಿಗದಿದ್ದರೆ ಅದು ಅವರ ಗಳಿಕೆ.

ಮೀಸೆಸ್ ಕೂಡ ಇದಕ್ಕೆ ಸೋತ. ಕೊಳ್ಳುವವನೇ ಯಜಮಾನ ಅಂತ ಬರೆದ ಅದೇ ಮನುಷ್ಯ 1958ರ ಜನವರಿಯಲ್ಲಿ 'ಅಟ್ಲಾಸ್' ಓದಿ ಆಕೆಗೆ ಪತ್ರ ಬರೆದ. ಯಾವ ರಾಜಕಾರಣಿಯೂ ಹೇಳದ್ದನ್ನು ನೀವು ಜನರ ಮುಖಕ್ಕೆ ಹೇಳಿದಿರಿ, ನೀವು ಕೆಳಮಟ್ಟದವರು, ನಿಮ್ಮ ಬದುಕಿನ ಸುಖವೆಲ್ಲ ನಿಮಗಿಂತ ಉತ್ತಮರಿಂದ ಬಂದದ್ದು ಅಂತ ಹೇಳುವ ಧೈರ್ಯ ನಿಮಗಿದೆ, ಅಂತ. ನಿನ್ನೆ ತನಕ ಯಜಮಾನನಾಗಿದ್ದ ಗಿರಾಕಿ ಒಂದೇ ಪತ್ರದಲ್ಲಿ ಕೀಳಾಗಿಬಿಟ್ಟ.

ನನ್ನ ಸರ್ಟಿಫಿಕೇಟಿನ ಕಥೆ ಹೇಳುತ್ತೇನೆ. 2004ರಲ್ಲಿ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ, ಅಮೆರಿಕದ ಒಂದು ಬ್ಯಾಂಕಿನ ಪ್ರಾಜೆಕ್ಟು. ಎರಡು ವರ್ಷ ಒಳ್ಳೆಯ ರೇಟಿಂಗ್. ಒಮ್ಮೆ ಬಡ್ತಿ. ಎಲ್ಲ ನನ್ನಿಂದ ಅಂತ ನಂಬಿದ್ದೆ, ಆ ಹೊತ್ತಿಗೆ ಇಡೀ ಊರಿನಲ್ಲಿ ಕುರ್ಚಿಗೆ ಅಂಟಿಕೊಂಡು ಕೂತರೂ ಬಡ್ತಿ ಸಿಗುತ್ತಿತ್ತು ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. 2008ರ ಸೆಪ್ಟೆಂಬರ್ 15ಕ್ಕೆ ನ್ಯೂಯಾರ್ಕಿನಲ್ಲಿ ಲೀಮನ್ ಬ್ರದರ್ಸ್ ದಿವಾಳಿ ಎದ್ದಿತು. ನಮ್ಮ ಬ್ಯಾಂಕು ಅದಲ್ಲ. ಆದರೂ ತಿಂಗಳೊಳಗೆ ನಮ್ಮ ಪ್ರಾಜೆಕ್ಟು ನಿಂತು, ನಾವೆಲ್ಲ ಬೆಂಚಿಗೆ ಬಂದೆವು. ಬೆಂಚು ಅಂದರೆ ಕೆಲಸವಿಲ್ಲ, ಸಂಬಳವಿದೆ, ಮರ್ಯಾದೆ ಇಲ್ಲ. 2009ರ ಫೆಬ್ರವರಿಯ ಒಂದು ಮಂಗಳವಾರ ಮೂರನೇ ಮಹಡಿಯ ಪುಟ್ಟ ರೂಮಿಗೆ ಕರೆದರು. ಮೇಜಿನ ಮೇಲೆ ಒಂದು ಟಿಶ್ಯೂ ಡಬ್ಬಿ ಇತ್ತು, ಹೊಚ್ಚ ಹೊಸದು, ಮೊದಲ ಹಾಳೆ ಇನ್ನೂ ಎಳೆದಿರಲಿಲ್ಲ. ನಾನೇ ಮೊದಲನೆಯವನು ಅಂತ ಅದನ್ನು ನೋಡಿ ಗೊತ್ತಾಯಿತು. ಐಡಿ ಕಾರ್ಡು ಕೊರಳಿಂದ ತೆಗೆಯುವಾಗ ದಾರ ಕಿವಿಗೆ ಸಿಕ್ಕಿಕೊಂಡು ಎರಡು ಸಲ ಎಳೆಯಬೇಕಾಯಿತು. ಎದುರಿಗಿದ್ದ ಹುಡುಗಿ ಪಾಪ ನೆಲ ನೋಡುತ್ತಿದ್ದಳು.

ಮನೆಗೆ ಬಂದು ಕೂತಾಗ ಕಾಡಿದ್ದು ಬಾಡಿಗೆಯ ಚಿಂತೆಯಲ್ಲ, ಅದು ಆಮೇಲೆ ಬಂತು. ಮೊದಲು ಕಾಡಿದ್ದು ಕಾದಂಬರಿ. ಸಂಬಳವೇ ಯೋಗ್ಯತೆ ಆಗಿದ್ದರೆ ಈಗ ನನ್ನ ಯೋಗ್ಯತೆ ಎಷ್ಟು? ಸೊನ್ನೆ ತಾನೇ? ನಾನು ಹೊರಗಿನಿಂದ ನೋಡಿ ನಕ್ಕ ಜನರ ಗುಂಪಿನಲ್ಲಿ ನಾನೇ ನಿಂತಿದ್ದೆ. ಆ ಫಿಲಾಸಫಿಯಲ್ಲಿ ಸೋತವನಿಗೆ ಕೂರಲು ಒಂದು ಮಣೆಯೂ ಇಲ್ಲ. ಗೆದ್ದಿದ್ದು ನಾನೇ ಅಂದಮೇಲೆ ಸೋತಿದ್ದೂ ನಾನೇ.

ಅದಕ್ಕೆ ನಾಲ್ಕು ತಿಂಗಳ ಹಿಂದೆ, 2008ರ ಅಕ್ಟೋಬರ್ 23ರಂದು, ಅಲನ್ ಗ್ರೀನ್‌ಸ್ಪ್ಯಾನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತಿದ್ದ. 1950ರ ದಶಕದಲ್ಲಿ ಶನಿವಾರ ರಾತ್ರಿಗಳಲ್ಲಿ ನ್ಯೂಯಾರ್ಕಿನ ರ‍್ಯಾಂಡ್ ಮನೆಯಲ್ಲಿ ಸೇರುತ್ತಿದ್ದ ಗುಂಪಿನ ಹುಡುಗ ಅವನು. ಯಾವಾಗಲೂ ಕಪ್ಪು ಸೂಟು ಅಂತ ಆಕೆ ಅವನಿಗೆ "ಹೆಣ ಸಾಗಿಸುವವನು" ಅಂತ ಅಡ್ಡಹೆಸರಿಟ್ಟಿದ್ದಳು. ಆ ಗುಂಪು ತನ್ನನ್ನು ತಮಾಷೆಗೆ "ದ ಕಲೆಕ್ಟಿವ್" ಅಂದರೆ ಸಮೂಹ ಅಂತ ಕರೆದುಕೊಳ್ಳುತ್ತಿತ್ತು. ತಮಾಷೆಯೇನೋ ಹೌದು, ಆದರೆ ಆಕೆ ಹೇಳಿದ್ದಕ್ಕೆ ಎದುರಾಡಿದವರಿಗೆ ಅಲ್ಲಿ ಜಾಗವಿರಲಿಲ್ಲವಂತೆ, ಹಾಗಾಗಿ ಹೆಸರು ಸರಿಯಾಗೇ ಇತ್ತು. ಅದೇ ಹುಡುಗ 1987ರಿಂದ 2006ರ ತನಕ ಅಮೆರಿಕದ ರಿಸರ್ವ್ ಬ್ಯಾಂಕಿನಂಥ ಫೆಡ್‌ನ ಮುಖ್ಯಸ್ಥನಾಗಿದ್ದ. ಬ್ಯಾಂಕುಗಳು ತಮ್ಮ ಹಿತ ತಾವು ಕಾಯ್ದುಕೊಳ್ಳುತ್ತವೆ, ಮೇಲಿನಿಂದ ಕಣ್ಣಿಡುವುದು ಬೇಡ ಅಂತ ನಂಬಿದ್ದ. ಆ ದಿನ ಕೇಳಿದಾಗ ಒಪ್ಪಿಕೊಂಡ. ಲೋಕ ಹೇಗೆ ನಡೆಯುತ್ತದೆ ಅಂತ ನಾನು ಅಂದುಕೊಂಡಿದ್ದರಲ್ಲಿ ಒಂದು ದೋಷ ಕಂಡಿದೆ, 40 ವರ್ಷ ಅದು ಚೆನ್ನಾಗಿ ನಡೆದುಕೊಂಡು ಬಂದದ್ದರಿಂದ ನನಗೇ ಆಘಾತವಾಗಿದೆ ಅಂದ. ನಾನು ಆ ವಿಡಿಯೋ ನೋಡಿದ್ದು ಕೆಲಸ ಹೋದ ಮೇಲೆ. ಮುದುಕನ ಮೇಲೆ ಸಿಟ್ಟು ಬರಲಿಲ್ಲ. ತಪ್ಪಾಯಿತು ಅಂತ ಅಷ್ಟು ಜನರ ಎದುರು ಹೇಳುವುದು ಸುಮ್ನೆ ಮಾತಲ್ಲ.

ಆ ಬೇಸಿಗೆಯಲ್ಲಿ ಕೆಲಸ ಹುಡುಕುತ್ತಾ, ಮಧ್ಯಾಹ್ನದ ಹೊತ್ತು ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂತು ಹಾಯೆಕ್‌ನನ್ನು ಓದಲು ಶುರು ಮಾಡಿದೆ. ಮಾರುಕಟ್ಟೆ ವಾದಿಗಳ ದೊಡ್ಡ ಗುರು. ಆದರೆ ರ‍್ಯಾಂಡ್‌ಗೆ ಅವನನ್ನು ಕಂಡರಾಗದು, ಅವನ ಪುಸ್ತಕದ ಅಂಚಿನಲ್ಲಿ ಬೈಗುಳ ಗೀಚಿಟ್ಟಿದ್ದಳು. ಹಾಯೆಕ್ 1960ರಲ್ಲಿ ಬರೆದ ಒಂದು ಅಧ್ಯಾಯ ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿತು. ಮಾರುಕಟ್ಟೆ ಯೋಗ್ಯತೆಗೆ ಬೆಲೆ ಕೊಡುವುದಿಲ್ಲ, ಕೊಡಲೂಬಾರದು ಅನ್ನುತ್ತಾನೆ ಅವನು. ನೀನು ಎಷ್ಟು ಬೆವರು ಸುರಿಸಿದೆ, ಎಷ್ಟು ಒಳ್ಳೆಯವನು ಅನ್ನುವುದು ಅದಕ್ಕೆ ಕಾಣುವುದೇ ಇಲ್ಲ. ನಿನ್ನ ಕೈಯಲ್ಲಿರುವುದು ಈ ಹೊತ್ತು ಇನ್ನೊಬ್ಬರಿಗೆ ಎಷ್ಟು ಬೇಕು ಅನ್ನುವುದಷ್ಟೇ ಅದರ ಲೆಕ್ಕ. ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ಮುಂದೆ ಇನ್ನೊಂದು ಪುಸ್ತಕದಲ್ಲಿ ಇನ್ನೂ ಬಿಚ್ಚಿ ಹೇಳುತ್ತಾನೆ. ದುಡಿದರೆ ಖಂಡಿತ ಫಲ ಸಿಗುತ್ತದೆ ಅಂತ ಮಕ್ಕಳಿಗೆ ಹೇಳಿಕೊಡುವುದು ಸುಳ್ಳು, ಆದರೆ ಆ ಸುಳ್ಳನ್ನು ನಂಬದಿದ್ದರೆ ಜನ ದುಡಿಯುವುದಿಲ್ಲವೇನೋ, ಏನು ಮಾಡೋಣ? ಮಾರುಕಟ್ಟೆಯ ಪರವಾಗಿ ಸಾಮಾನ್ಯ ಜನಕ್ಕೆ ಅರ್ಥವಾಗುವ ವಾದ ಇದೊಂದೇ ಆಗಿಬಿಟ್ಟಿದೆ, ಇದು ಮುಂದಕ್ಕೆ ಒಳ್ಳೆಯ ಲಕ್ಷಣವಲ್ಲ ಅಂತ ಬೇಸರ ಪಡುತ್ತಾನೆ.

ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಅಂದರೆ ಮಾರುಕಟ್ಟೆ ನನ್ನನ್ನು ತೂಗಿರಲಿಲ್ಲ. ನ್ಯೂಯಾರ್ಕಿನ ಸಾಲದ ಪತ್ರಗಳ ಗಲಾಟೆ ನನ್ನ ಕುರ್ಚಿ ತನಕ ಬಂತು ಅಷ್ಟೇ, ಮಳೆ ಜಾಸ್ತಿಯಾಗಿ ಅಡಿಕೆಗೆ ಕೊಳೆ ಬಂದ ಹಾಗೆ. ಕೊಳೆ ಬಂದ ವರ್ಷ ಅಪ್ಪ ತಾನು ಕೆಟ್ಟ ರೈತ ಅಂತ ಅಂದುಕೊಳ್ಳುತ್ತಿರಲಿಲ್ಲ. ಆಕಾಶ ನೋಡಿ ಒಂದು ಬೈಗುಳ ಬೈದು, ಕೊಳೆಗೆ ಹೊಡೆಯುವ ಬೋರ್ಡೋ ಮಿಶ್ರಣದ ಡ್ರಮ್ಮು ತೊಳೆಯಲು ಹೋಗುತ್ತಿದ್ದ.

1945ರಲ್ಲಿ ಡಬ್ಲಿನ್‌ನಲ್ಲಿ ಹಾಯೆಕ್ ಒಂದು ಭಾಷಣ ಮಾಡಿದ್ದ, ವ್ಯಕ್ತಿವಾದದಲ್ಲಿ ನಿಜದ್ದು ಯಾವುದು, ಸುಳ್ಳಿನದು ಯಾವುದು ಅಂತ. ಸುಳ್ಳು ಅಂದರೆ ಒಬ್ಬನ ಬುದ್ಧಿಯೇ ಎಲ್ಲವನ್ನೂ ಕಟ್ಟಬಲ್ಲದು ಅನ್ನುವ ಹಮ್ಮು. ನಿಜದ್ದು, ಯಾರಿಗೂ ಎಲ್ಲ ತಿಳಿದಿಲ್ಲ, ಅದಕ್ಕೇ ಯಾರ ಕೈಗೂ ಪೂರ್ತಿ ಅಧಿಕಾರ ಕೊಡಬೇಡಿ ಅನ್ನುವುದು. ಆ ನಿಜದ ವ್ಯಕ್ತಿವಾದದಲ್ಲಿ ಮನೆ, ಕುಟುಂಬ, ಊರು, ಸಂಘ ಎಲ್ಲಕ್ಕೂ ಜಾಗವಿದೆ. ಹಾಸ್ಟೆಲ್ಲಿನಲ್ಲಿ ಇದನ್ನು ಯಾರೂ ನಮ್ಮ ಕೈಗೆ ಕೊಡಲಿಲ್ಲ. ಕೊಟ್ಟಿದ್ದರೆ ಎರಡು ಪುಟ ಓದಿ ತಲೆದಿಂಬು ಮಾಡಿಕೊಳ್ಳುತ್ತಿದ್ದೆವು ಬಿಡಿ.

ನಮ್ಮ ದೇಶದಲ್ಲೂ ಮಾರುಕಟ್ಟೆಯ ಪರ ನಿಂತ ದೊಡ್ಡ ದನಿ ರ‍್ಯಾಂಡ್ ತರಹದ್ದಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ 1959ರಲ್ಲಿ, 80ರ ವಯಸ್ಸಿನಲ್ಲಿ, ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್-ಲೈಸೆನ್ಸ್ ರಾಜ್ ಅನ್ನುವ ಬೈಗುಳ ಚಾಲ್ತಿಗೆ ತಂದವರೇ ಅವರು. 1967ರಲ್ಲಿ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸೀಟು ಬಂತು. ಅದೇ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರು, ಸಾಯುವ ತನಕ ಅದರ ಪರ ಇದ್ದವರು. ಕುಡಿಯುವುದು ನನ್ನಿಷ್ಟ ಅನ್ನುವವನು ಅವರ ಮಾರುಕಟ್ಟೆಯೊಳಗೆ ಕಾಲಿಡುವಂತಿರಲಿಲ್ಲ! ಈ ಬೆರಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಮಾರುಕಟ್ಟೆ ಬೇಕು ಅನ್ನಲು "ನಾನೇ ಎಲ್ಲ" ಅನ್ನಬೇಕಾಗಿಲ್ಲ ಅನ್ನುವುದಕ್ಕೆ ಅವರ ಬದುಕೇ ಸಾಕ್ಷಿ.

ಕೆಲಸ ಹೋದ ಆ ವರ್ಷ ಎರಡು ವಾರ ಊರಲ್ಲಿದ್ದೆ. ಒಂದು ದಿನ ಅಪ್ಪನ ಜೊತೆ ಅಡಿಕೆ ಮಾರಲು ಶಿರಸಿಗೆ ಹೋದೆ. ತೋಟಗಾರ್ಸ್ ಸೊಸೈಟಿ ಅಂತ ನಾವು ಕರೆಯುವ ಟಿಎಸ್‌ಎಸ್, 1923ರಲ್ಲಿ ಬೆಳೆಗಾರರೇ ಸೇರಿ ಕಟ್ಟಿದ್ದು. ಯಾರ್ಡಿನಲ್ಲಿ ಒಬ್ಬೊಬ್ಬರ ಅಡಿಕೆ ಒಂದೊಂದು ರಾಶಿ. ವ್ಯಾಪಾರಿಗಳು ಬಂದು ಕೈ ಹಾಕಿ ಮಗುಚುತ್ತಾರೆ, ಒಂದೆರಡು ಒಡೆದು ಬಣ್ಣ ನೋಡುತ್ತಾರೆ, ರೇಟು ಬರೆದ ಟೆಂಡರ್ ಹಾಕುತ್ತಾರೆ. ಪಕ್ಕದವನು ಎಷ್ಟು ಬರೆದ ಅಂತ ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ಚೊಕ್ಕ ಮಾರುಕಟ್ಟೆ ಯಾವ ಪಠ್ಯದಲ್ಲೂ ಇಲ್ಲ. ಮಧ್ಯಾಹ್ನ ರೇಟು ಬಂತು. ಅಪ್ಪ ಚೀಟಿ ನೋಡಿ "ಬ್ಯಾಡ" ಅಂದ. ಇವತ್ತು ಕೊಡುವುದಿಲ್ಲ. ಹಾಗೆಂದವನು ಕೌಂಟರಿಗೆ ಹೋಗಿ, ಸೊಸೈಟಿಯಲ್ಲಿ ಇಟ್ಟ ಅಡಿಕೆಯ ಮೇಲೆ ಮುಂಗಡ ಬರೆಸಿಕೊಂಡು, ಎದುರಿನ ಹೋಟೆಲಿನಲ್ಲಿ ನನಗೆ ಬನ್ಸು ಕೊಡಿಸಿದ.

ಅವನ ಆ "ಬ್ಯಾಡ"ದಲ್ಲಿ ರೋರ್ಕ್‌ನ ಗತ್ತೇ ಇತ್ತು. ಬ್ಯಾಂಕಿನವರಿಗೆ ಬೇಡ ಅಂದ ರೋರ್ಕ್ ಕ್ವಾರಿಗೆ ಹೋದ. ವ್ಯಾಪಾರಿಗೆ ಬೇಡ ಅಂದ ಅಪ್ಪ ಬನ್ಸು ತಿಂದ. ಸೊಸೈಟಿ ಇಲ್ಲದ ಕಾಲದಲ್ಲಿ ಅಜ್ಜನಿಗೆ ಹಾಗೆ ಅನ್ನಲು ಆಗುತ್ತಿರಲಿಲ್ಲವಂತೆ. ಸಾಲ ಕೊಟ್ಟ ಸಾಹುಕಾರ ಹೇಳಿದ್ದೇ ರೇಟು.

ಬಸ್ಸಿನಲ್ಲಿ ಬರುವಾಗ ಅಪ್ಪನಿಗೆ 'ಅಟ್ಲಾಸ್' ಕಥೆ ಹೇಳಿದೆ. ರೈಲು ಕಂಪನಿ ನಡೆಸುವ ಡ್ಯಾಗ್ನಿ, ಬುದ್ಧಿವಂತರ ಕಣಿವೆ, ಮುಷ್ಕರ, ಎಲ್ಲ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಆ ಕಣಿವೆಯಲ್ಲಿ ಕೊನೆ ಇಳಿಸೋಕೆ ಯಾರು ಬರ್ತಾರೆ?" ಅಂದ. ನಮ್ಮ ಕಡೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ವಾರ ಕೈಕೊಟ್ಟರೆ ಯಾವ ಜಾನ್ ಗಾಲ್ಟನ ತೋಟವೂ ನೆಲಕ್ಕೆ ಉದುರುತ್ತದೆ. ಅವನು ಮುಷ್ಕರ ಹೂಡಿದ ಕಾದಂಬರಿಯನ್ನು ಯಾರೂ ಬರೆದಿಲ್ಲ. ಅಡುಗೆಗೆ ಯಾರಿದ್ದಾರೆ ಅಂತಲೂ ಕೇಳಿದ. ಅದಕ್ಕೆ ನನ್ನ ಬಳಿ ಉತ್ತರ ಇತ್ತು. ಕಣಿವೆಯಲ್ಲಿ ಗಾಲ್ಟನ ಮನೆಗೆ ಸಂಬಳಕ್ಕೆ ಅಡುಗೆ ಮಾಡುವವಳು ಅದೇ ರೈಲಿನ ಡ್ಯಾಗ್ನಿ. ಅಪ್ಪ ತುಂಬ ಹೊತ್ತು ನಕ್ಕ.

ರ‍್ಯಾಂಡ್‌ಳನ್ನು ಆಡಿಕೊಳ್ಳುವುದು ಸುಲಭ. ಮುಪ್ಪಿನಲ್ಲಿ ಆಕೆ ಸರ್ಕಾರದ ಪಿಂಚಣಿ, ವೈದ್ಯಕೀಯ ನೆರವು ಪಡೆದಳು ಅಂತ ಎಲ್ಲರೂ ಒಂದು ಜೋಕು ಹೇಳುತ್ತಾರೆ. ನನಗೆ ಆ ಜೋಕು ಹಿಡಿಸುವುದಿಲ್ಲ. ಕಟ್ಟಿದ ತೆರಿಗೆ ವಾಪಸ್ ಪಡೆದರೆ ತಪ್ಪಿಲ್ಲ ಅಂತ ಆಕೆ ಮೊದಲೇ ಬರೆದಿದ್ದಳು, ಮತ್ತೆ ಕಾಯಿಲೆ ಬಿದ್ದ ಮುದುಕಿಯ ಆಸ್ಪತ್ರೆ ಬಿಲ್ಲಿನಲ್ಲಿ ಗೆಲುವು ಹುಡುಕುವುದು ಸಣ್ಣತನ. ಹತ್ತೊಂಬತ್ತರ ವಯಸ್ಸಿನಲ್ಲಿ ಮನೆಯಲ್ಲಿ, ಊರಲ್ಲಿ, ಜಾತಿಯಲ್ಲಿ ಎಲ್ಲರೂ "ನಾವು ಹೇಳಿದ್ದು ಮಾಡು" ಅನ್ನುವಾಗ, "ನಿನಗೆ ಏನು ಬೇಕು?" ಅಂತ ಕೇಳಿದ ಮೊದಲ ದನಿ ಎಷ್ಟೋ ಹುಡುಗ ಹುಡುಗಿಯರಿಗೆ ಆಕೆಯದೇ. ನನ್ನ ಕ್ಲಾಸಿನ ಒಬ್ಬಳು ಗೊತ್ತಾದ ಮದುವೆ ಬೇಡ ಅಂದು ಎಂಟೆಕ್ ಮಾಡಲು ಹೋದಾಗ ಅವಳ ಬ್ಯಾಗಿನಲ್ಲಿ 'ಫೌಂಟನ್‌ಹೆಡ್' ಇತ್ತು. ಆ ಬ್ಯಾಗಿನಲ್ಲಿ ಹಾಯೆಕ್ ಇದ್ದಿದ್ದರೆ ಅವಳು ಹೋಗುತ್ತಿದ್ದಳೋ ಇಲ್ಲವೋ, ಹೇಳಲಾರೆ.

ಅದಕ್ಕೇ ಅಕ್ಕನ ಮಗನಿಗೆ ಬೇಡ ಅನ್ನಲಿಲ್ಲ. ಒಯ್ಯಿ ಮಾರಾಯ ಅಂದೆ. ಭಾಷಣ ಏನೂ ಬಿಗಿಯಲಿಲ್ಲ, ಪುಸ್ತಕದ ಒಳಗೇ ಗಾಲ್ಟನ ರೇಡಿಯೋ ಭಾಷಣ ಅರವತ್ತು ಪುಟದ ಹತ್ತಿರ ಇದೆ, ನನ್ನದೂ ಯಾಕೆ.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನು ಮಾಡಿದ.

"ಮಾವಾ, ಈ ಪುಸ್ತಕ ನೀ ಪೂರ್ತಿ ಓದಿದ್ದು ಹೌದಾ?"

"ಹೌದು, ಎರಡು ಸಲ. ಯಾಕೆ?"

"ಗಾಲ್ಟನ ಭಾಷಣದ ಮಧ್ಯೆ 32 ಪುಟನೇ ಇಲ್ಲ."

ಒಂದು ನಿಮಿಷ ಮಾತು ಬರಲಿಲ್ಲ. ಪುಟದ ನಂಬರು ಓದಿ ಹೇಳು ಅಂದೆ. ಓದಿದ. ಹೌದು, ಬೈಂಡು ಮಾಡುವಾಗಲೇ ಹದಿನಾರು ಪುಟದ ಎರಡು ಫಾರಂ ಬಿಟ್ಟುಹೋಗಿರಬೇಕು, ಹರಿದ ಗುರುತೂ ಇಲ್ಲವಂತೆ. ಎರಡು ಸಲವೂ ನಾನು ಒಂದು ವಾಕ್ಯದ ಅರ್ಧದಿಂದ ಇನ್ನೊಂದು ವಾಕ್ಯದ ಅರ್ಧಕ್ಕೆ ಹಾರಿ, ಏನೂ ಗೊತ್ತಾಗದೆ ಮುಂದೆ ಓದಿದ್ದೆ. ಆ ಜಾಗದಲ್ಲಿ ಪೆನ್ಸಿಲ್ಲಿನಿಂದ ಅಡಿಗೆರೆ ಬೇರೆ ಎಳೆದಿದ್ದೀಯಲ್ಲ ಮಾವಾ, ಅಂದ.